ಸಿರುಗುಪ್ಪದ ಇಟ್ಟಿಗೆ, ಕುರುಗೋಡಿನ ಉರಿ

ದೆವ್ವ, ಭೂತ, ಗಾಳಿ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ನರ್ಸ್ ಕೆಲಸ ಮಾಡಿದವರಿಗೆ ಅಂಥ ಹೆದರಿಕೆ ಉಳಿದಿರುವುದಿಲ್ಲ. ಈ ಕಥೆಗಳೆಲ್ಲ ಅಮಾವಾಸ್ಯೆಯ ರಾತ್ರಿಯೇ ಏಕೆ ನಡೆಯಬೇಕು ಎಂದು ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಅತ್ತೆಯನ್ನು ಕಾಡಿಸುತ್ತಿದ್ದೆ. ನನಗೆ ಆದದ್ದು ಮಟಮಟ ಮಧ್ಯಾಹ್ನ, ಬುತ್ತಿ ಉಂಡು ಕೈ ತೊಳೆಯುವ ಹೊತ್ತಿನಲ್ಲಿ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರ ಮನೆಗೆ ಹೋಗಿ ಆರೈಕೆ ಮಾಡುವುದು ನನ್ನ ಕೆಲಸ. ಮೂತ್ರದ ನಳಿಕೆ ಬದಲಿಸಬೇಕು, ಬೆನ್ನಿಗೆ ಹುಣ್ಣಾಗಿದೆಯೇ ನೋಡಬೇಕು, ಮಗ್ಗುಲು ಹೊರಳಿಸುವುದನ್ನು ಮನೆಯವರಿಗೆ ಕಲಿಸಬೇಕು. ಬಳ್ಳಾರಿಯಿಂದ ಬಸ್ಸಿನಲ್ಲಿ ಒಂದು ದಿನ ಕುರುಗೋಡು, ಮರುದಿನ ಸಿರುಗುಪ್ಪ. ಕುರುಗೋಡಿನಲ್ಲಿ ವೀರೇಶ, ಗಾರೆ ಕೆಲಸಕ್ಕೆ ಹೋಗಿ ಕಟ್ಟಡದಿಂದ ಬಿದ್ದವನು. ಸಿರುಗುಪ್ಪದಲ್ಲಿ ಖಾಜಾ, ಅಕ್ಕಿ ಗಿರಣಿಯಲ್ಲಿ ಒಟ್ಟಿದ್ದ ಚೀಲಗಳು ಅವನ ಮೈಮೇಲೆ ಕುಸಿದಿದ್ದವು. ಇಬ್ಬರಿಗೂ ಸೊಂಟದ ಕೆಳಗೆ ಏನೂ ತಿಳಿಯುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬನ ಸುದ್ದಿಯನ್ನು ಇನ್ನೊಬ್ಬನ ಮುಂದೆ ನಾನೂ ಎತ್ತಿದವಳಲ್ಲ.

ಆ ಮಧ್ಯಾಹ್ನ ವೀರೇಶ ಇದ್ದಕ್ಕಿದ್ದಂತೆ ಚೀರಿದ.

"ಎಡಗಾಲು ಹಿಮ್ಮಡಿ ಸುಡಾಕತ್ತೈತ್ರಿ ಅಕ್ಕಾ! ಇಟ್ಟಿಗಿ ತಗೀರಿ, ಇಟ್ಟಿಗಿ!"

ಹೊದಿಕೆ ಸರಿಸಿದೆ. ಇಟ್ಟಿಗೆಯೂ ಇಲ್ಲ, ಕಲ್ಲೂ ಇಲ್ಲ. ಹಿಮ್ಮಡಿ ತಣ್ಣಗಿತ್ತು. ಸ್ಪರ್ಶ ಹೋದ ಕಾಲಿನಲ್ಲಿ ಉರಿ ಕಾಣಿಸಿಕೊಳ್ಳುವುದು ನಮಗೆ ಹೊಸದಲ್ಲ. ನರಗಳು ಹೀಗೆ ಮೋಸ ಮಾಡುತ್ತವೆ ಎಂದು ಸಮಾಧಾನ ಹೇಳಿದೆ. ಅವನು ಎಲ್ಲಿ ಕೇಳುತ್ತಾನೆ? ಅಳುತ್ತಲೇ ನಗುತ್ತಿದ್ದ. "ಕಾಲು ಬಂತಲೇ ಗೌರೀ, ನನ್ನ ಕಾಲು ಬಂತು" ಎಂದು ಹೆಂಡತಿಯನ್ನು ಕೂಗಿದ. ಅವಳು ಬಸವಣ್ಣನ ಗುಡಿಗೆ ಓಡಿ ಕಾಯಿ ಒಡೆಸಿ ಬಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ನನ್ನ ಅಂಗೈಗೂ ಸಕ್ಕರೆ ಬಂತು. ತಿಂದೆ, ಇನ್ನೇನು ಮಾಡಲಿ?

ಮರುದಿನ ಸಿರುಗುಪ್ಪದಲ್ಲಿ ಖಾಜಾನ ಕಾಲಿನ ಹೊದಿಕೆ ತೆಗೆದೆ. ಎಡ ಹಿಮ್ಮಡಿಯ ತುಂಬ ಬೊಬ್ಬೆ ಎದ್ದಿತ್ತು. ಅವನ ತಾಯಿ ಬೀಬಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಕಾಲು ಬರ್ಫಿನಂಗ ತಣ್ಣಗಾಗಿದ್ವಮ್ಮಾ. ಬಾಣಂತೇರಿಗೆ ಇಡಂಗ ಇಟ್ಟಿಗಿ ಕಾಸಿ, ಅರಿವಿ ಸುತ್ತಿ ಇಟ್ಟೆ. ಸುಟ್ರ ಚೀರ್ತಾನಲ್ಲ ಅನ್ಕಂಡೆ."

"ಯಾವಾಗ ಇಟ್ರಿ?"

"ನಿನ್ನಿ ಮಧ್ಯಾಹ್ನ, ನಮಾಜ್ ಆದಮ್ಯಾಲ."

ಚೀರಿದ್ದೇನೋ ಹೌದು. ಆದರೆ ಚೀರಿದವನು ಕುರುಗೋಡಿನಲ್ಲಿದ್ದ.

ಅಂಥ ಕಾಲಿನ ಗಾಯ ಸುಲಭಕ್ಕೆ ಮಾಯುವುದಿಲ್ಲ; ನಂಜೇರಿದರೆ ಕಾಲಷ್ಟೇ ಅಲ್ಲ, ಜೀವವೂ ಹೋಗುತ್ತದೆ. ಹೋದಾಗಲೆಲ್ಲ ತೊಳೆದೆ, ಮುಲಾಮು ಹಚ್ಚಿದೆ, ಪಟ್ಟಿ ಕಟ್ಟಿದೆ. ಗಾಯ ಒಣಗತೊಡಗಿತು. ಅತ್ತ ವೀರೇಶನ ಮುಖ ಬಾಡತೊಡಗಿತು.

"ಅಕ್ಕಾ, ಉರಿ ಕಮ್ಮಿ ಆಗಾಕತ್ತೈತ್ರಿ. ಇದು ಹೋಗಬಾರ್ದು. ಏನರ ಮಾಡ್ರಿ, ಕಾಲು ಬೀಳ್ತೀನಿ."

ಏನು ಮಾಡಲಿ? ಅತ್ತ ದರಿ, ಇತ್ತ ಪುಲಿ. ಸಿರುಗುಪ್ಪದಲ್ಲಿ ನಾನು ಗಾಯ ಮಾಯಿಸಿದಷ್ಟೂ ಕುರುಗೋಡಿನಲ್ಲಿ ಒಬ್ಬನ ಆಸೆ ಸಾಯುತ್ತಿತ್ತು. ಎರಡೂ ಕಡೆ ಕೈ ನನ್ನದೇ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದೇನೆ. ಬಳ್ಳಾರಿಯ ಡಾಕ್ಟರಿಗೆ ಹೇಳಿದರೆ, ಎಲ್ಲ ಕಾಕತಾಳೀಯ ಎಂದರು. ಇರಬಹುದು. ಆದರೆ ವೀರೇಶ ಕೆಂಡ ಎನ್ನಲಿಲ್ಲ, ಬಿಸಿನೀರು ಎನ್ನಲಿಲ್ಲ, ಇಟ್ಟಿಗೆ ಎಂದನಲ್ಲ?

ಕೊನೆಗೂ ಖಾಜಾನ ಹಿಮ್ಮಡಿಗೆ ಹೊಸ ಚರ್ಮ ಬಂತು. ಬೀಬಮ್ಮ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮರುದಿನ ಕುರುಗೋಡಿಗೆ ಹೋದರೆ ವೀರೇಶ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ.

"ಹೋತ್ರಿ" ಎಂದ, ಅಷ್ಟೇ.

ಒಳಗೆ ಒಲೆಯಲ್ಲಿ ಇಟ್ಟಿಗೆ ಕಾಯುತ್ತಿತ್ತು. ಗಂಡ ಅಂಗಲಾಚಿ ಬೇಡಿದ್ದಕ್ಕೆ ಗೌರಿ ಇಟ್ಟಿದ್ದಳು. ಇಕ್ಕಳದಲ್ಲಿ ಎತ್ತಿ ಅಂಗಳಕ್ಕೆ ಎಸೆದು ನೀರು ಸುರಿದೆ.

"ಸುಟ್ರ ಸುಡ್ಲಿ ಬಿಡ್ರಿ. ಕಾಲು ನನ್ನದಲ್ಲೇನ್ರಿ?" ಎಂದು ಅವನು ಒಳಗಿನಿಂದ ಕೂಗಿದ. ಇಕ್ಕಳವನ್ನು ಗೌರಿಯ ಕೈಗೆ ಕೊಟ್ಟು, ಒಳಗೆ ಹೋಗಿ ಅವನನ್ನು ಮಗ್ಗುಲು ಹೊರಳಿಸಿದೆ. ಸಿರುಗುಪ್ಪದ ಉರಿ ಕುರುಗೋಡಿಗೆ ಬಂದದ್ದು ಹೇಗೆ ಎಂಬುದು ಇವತ್ತಿನವರೆಗೂ ನನಗೆ ತಿಳಿದಿಲ್ಲ.

ಈಗಲೂ ಎರಡೂ ಮನೆಗೆ ಹೋಗುತ್ತೇನೆ. ಅತ್ತೆಯನ್ನು ಕಾಡಿಸುವುದು ಬಿಟ್ಟಿದ್ದೇನೆ. ಖಾಜಾನ ಕಾಲು ತೊಳೆಯುವಾಗ ಎಡ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತೇನೆ. ಅವನಿಗೆ ತಿಳಿಯುವುದಿಲ್ಲ. ಮರುದಿನ ವೀರೇಶನ ಪಕ್ಕದಲ್ಲಿ ಕೂತು, "ನಿನ್ನಿ ಏನರ ಅನ್ನಿಸ್ತೇನಪ್ಪಾ?" ಎಂದು ಕೇಳುತ್ತೇನೆ. ಇಲ್ಲವೆಂದು ತಲೆಯಾಡಿಸುತ್ತಾನೆ. ಮುಂದಿನ ಸಲ ಇನ್ನೂ ಸ್ವಲ್ಪ ಜೋರಾಗಿ ಒತ್ತುತ್ತೇನೆ.