ಜನರೇಟರಿಗೆ ಹೊದಿಸಿದ ಹಸಿ ತಟ್ಟು

ಕವಿತಾಳದಲ್ಲಿ ಬೇವಿನ ಮರದ ಪಕ್ಕದ ಚಹಾದಂಗಡಿಯ ಹತ್ತಿರ ವ್ಯಾನು ನಿಂತಿತ್ತು. ಅದು ಹಾಸಿಗೆ, ಒಲೆ, ಏಸಿ ಎಲ್ಲ ಇರುವ ಗಾಲಿಯ ಮನೆ. ರಾಯಚೂರಿನಲ್ಲಿ ನನ್ನನ್ನು ಹತ್ತಿಸಿಕೊಂಡ ಜರ್ಮನ್ ದಂಪತಿಯದು. ಬಿಸಿಲು ಬಡಿದು ಮುದುಕ ಒಳಗೆ ಮಲಗಿದ್ದ. ಹೆಂಡತಿ ನಕಾಶೆಯಿಂದ ಗಾಳಿ ಬೀಸುತ್ತಿದ್ದಳು. ದೂರದಲ್ಲಿ ಬಿಸಿಲ ಝಳಕ್ಕೆ ರಸ್ತೆ ಕರಗಿ ಕೆರೆಯಾಗಿತ್ತು. ಅದರ ಮೇಲೆ ಎಮ್ಮೆಗಳು ತೇಲುತ್ತಿದ್ದವು.

ನಿನ್ನೆ ಪ್ರವಾಸಿ ಮಂದಿರದ ಕರೆಂಟಿನಲ್ಲಿ ಚೆನ್ನಾಗಿ ನಡೆದ ಏಸಿ, ಇಲ್ಲಿ ಒಳಗಿನ ಗುಂಡಿ ಒತ್ತಿ ಜನರೇಟರು ಹಚ್ಚಿದರೆ ತುಸು ಹೊತ್ತು ಓಡಿ, ನಿಟ್ಟುಸಿರು ಬಿಟ್ಟು ನಿಂತುಬಿಡುತ್ತಿತ್ತು. ಆಕೆ ಒಳಗಿನ ಫ್ಯೂಸು, ತಂತಿ ಎಲ್ಲ ನೋಡಿದಳು. ಮುದುಕನಿಗೆ ಏನಾದರೂ ಆದರೆ ಪೊಲೀಸರಿಗೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡೆ.

ಕೊನೆಗೆ ವ್ಯಾನಿನ ಹಿಂಬದಿಗೆ ಹೋದೆವು. ಅಲ್ಲಿದ್ದ ಜನರೇಟರಿಗೆ ಯಾರೋ ಹಸಿ ಗೋಣಿತಟ್ಟನ್ನು ಕಿಂಡಿಯೂ ಬಿಡದಂತೆ ಸುತ್ತಿದ್ದರು.

“ನಾನ ಸುತ್ತೀನ್ರಿ,” ಎಂದಳು ಚಹಾದಂಗಡಿಯ ಅಜ್ಜಿ. “ನೀರಿನ ಕೊಡಕ್ಕ ಸುತ್ತಂಗಿಲ್ಲೇನು? ಪಾಪ, ಬಿಸಲಾಗ ಒದರಾಕತ್ತಿತ್ತು.”

“ಯವ್ವಾ, ಅದಕ್ಕ ಉಸಿರಾಡಾಕ ಗಾಳಿ ಬೇಕು,” ಎಂದೆ.

“ಹಂಗಂದ್ರ ತಗೀರಿ. ಅದೇನು ಬಾಯಿ ಬಿಟ್ಟು ಹೇಳ್ತದೇನು?”

ತಟ್ಟು ತೆಗೆದು, ಯಂತ್ರ ಆರಿದ ಮೇಲೆ ಮತ್ತೆ ಹಚ್ಚಿದೆವು. ಏಸಿ ಈ ಸಲ ನಿಲ್ಲಲಿಲ್ಲ. ಮುದುಕ ಕಣ್ಣು ತೆರೆದು ನೀರು ಕೇಳಿದ. ಎಲ್ಲಿ ಮತ್ತೆ ನಿಂತೀತೋ ಎಂದು ನಾನು ಮಾತ್ರ ಒಳಗಿನ ತಂಪು ಬಿಟ್ಟು, ಜನರೇಟರಿನ ಪಕ್ಕ ಬಿಸಿಲಲ್ಲೇ ಕೂತೆ.

ಅಜ್ಜಿ ಬಂದು ನನ್ನ ಮುಖ ನೋಡಿದಳು.

“ಈಗ ನೀವು ಕುದಿಯಾಕತ್ತೀರಿ,” ಎಂದು ಆ ತಟ್ಟನ್ನು ಇನ್ನೊಮ್ಮೆ ನೀರಿಗೆ ಅದ್ದಿ ನನ್ನ ತಲೆಗೆ ಹೊದಿಸಿದಳು.

ನೂಲಿನ ಸಂದಿಯಿಂದ ನೋಡಿದೆ. ಎಮ್ಮೆಗಳು ಇನ್ನೂ ತೇಲುತ್ತಿದ್ದವು.