ಮ್ಯಾಟ್ನಿಯಲ್ಲಿ ಬಂದ ಮರುಗದ ವಾಸನೆ

ಗಾಳಿ ಸೋಕಿತು, ಸತ್ತವರು ಬಂದರು ಅನ್ನುವವರನ್ನು ಮೊದಲಿನಿಂದಲೂ ಗೇಲಿ ಮಾಡಿಕೊಂಡು ಬಂದವನು ನಾನು. ಈಗಲೂ ಅದನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಗು ಬಂದರೆ ನಕ್ಕುಬಿಡಿ.

ನಮ್ಮದು ಗುಬ್ಬಿ ಹತ್ತಿರದ ನಿಟ್ಟೂರು. ಕೊರೊನಾ ಜ್ವರದಲ್ಲಿ ನಾನೂ ನನ್ನ ಹೆಂಡತಿಯೂ ಒಟ್ಟಿಗೇ ಮಲಗಿದೆವು. ಅವಳು ಏಳಲಿಲ್ಲ. ನಾನೇನೋ ಎದ್ದೆ, ಆದರೆ ಮೂಗು ಸತ್ತಿತ್ತು. ಕಾಫಿ, ಒಗ್ಗರಣೆ, ಯಾವುದರ ವಾಸನೆಯೂ ಇಲ್ಲ. ಅವಳು ಕೊನೆಯ ಸಲ ಉಟ್ಟ ಹಸಿರು ಸೀರೆಯನ್ನು ಒಗೆಯದೆ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟೆ. ತಲೆಗೆ ಹರಳೆಣ್ಣೆ ಹಚ್ಚಿ ಮರುಗ ಮುಡಿಯುತ್ತಿದ್ದಳು. ಅದಕ್ಕೆ ಬೆವರೂ ಸೇರಿದರೆ ಅವಳ ವಾಸನೆ. ಮೂಗು ಬಂದ ದಿನ ಆ ಸೀರೆ ಮೂಸಬೇಕು, ನನಗಿದ್ದದ್ದು ಅದೊಂದೇ ಆಸೆ. ಯಾರಿಗೂ ಹೇಳಿರಲಿಲ್ಲ. ಹೆಂಡತಿಯ ಮಾಸಲು ಸೀರೆ ಕಾಯುವ ಗಂಡಸನ್ನು ಊರಿನವರು ಸುಮ್ಮನೆ ಬಿಡುತ್ತಾರೆಯೇ?

ಮುಂದಿನ ವರ್ಷ ಹಿರಿಯರ ಹಬ್ಬಕ್ಕೆ ಕುಣಿಗಲ್ಲಿನಿಂದ ಅಕ್ಕ ಬಂದಳು. ಎಡೆಯ ಮುಂದಿಡಲು ಹೊಸ ಸೀರೆ ತರೋಣವೆಂದು ನಾನು ತುಮಕೂರಿಗೆ ಹೋದೆ. ಸೀರೆ ತೆಗೆದುಕೊಂಡ ಮೇಲೆ ಮನೆಗೆ ಹೋಗಲು ಮನಸ್ಸಾಗದೆ ಒಂದು ಮ್ಯಾಟ್ನಿಗೆ ನುಗ್ಗಿದೆ. ಯಾವುದೋ ಕಾದಂಬರಿ ಆಧರಿಸಿದ ಸಿನಿಮಾವಂತೆ. ಅತ್ತರು ಮಾರುವವನೊಬ್ಬ, ಬಿಟ್ಟುಹೋದವಳ ಮೈವಾಸನೆಯನ್ನು ಶೀಶೆಗೆ ಇಳಿಸಬೇಕೆಂದು ಹುಚ್ಚನಾಗುತ್ತಾನೆ. ತೆರೆಯ ಮೇಲಿನ ವಾಸನೆ ಯಾರ ಮೂಗಿಗೂ ಬರುವುದಿಲ್ಲ. ಅಷ್ಟು ಹೊತ್ತಾದರೂ ಎಲ್ಲರೂ ನನ್ನಂಥವರೇ ಎಂದು ಸಮಾಧಾನವಾಯಿತು.

ಇಂಟರ್ವಲ್ ಕಳೆದು ಸ್ವಲ್ಪ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ಅವಳ ವಾಸನೆ ಬಂತು. ಹರಳೆಣ್ಣೆ, ಮರುಗ, ಬೆವರು. ತಲೆ ಕೆಟ್ಟಿತೆಂದೇ ತಿಳಿದೆ. ಅಷ್ಟರಲ್ಲಿ ಪಕ್ಕದ ಸೀಟಿನ ವಯಸ್ಸಾದ ಹೆಂಗಸು ನನ್ನ ಕಡೆ ಬಾಗಿ, "ಮರುಗ ತಗೊಂಡಿದೀರಾ ಸಾ? ಗಮ್ ಅಂತದೆ" ಅಂದರು. ನನ್ನ ಕೈಚೀಲದಲ್ಲಿ ಹೊಸ ಸೀರೆ ಬಿಟ್ಟರೆ ಏನೂ ಇರಲಿಲ್ಲ. ಫೋನಿನಲ್ಲಿ ಮೂರೂಕಾಲು. ವಾಸನೆ ಐದಾರು ನಿಮಿಷ ಇದ್ದು, ತೆಳುವಾಗಿ, ಹೋಗಿಬಿಟ್ಟಿತು.

ಮೂಗು ಬಂತೆಂದೇ ನಾನು ಸಿನಿಮಾ ಬಿಟ್ಟು ಓಡಿದೆ. ಬಸ್ಸಿನಲ್ಲಿ ಕೂತು, ಅತ್ತು, ನಕ್ಕು, ಕಂಡಕ್ಟರನಿಂದ ಬೈಸಿಕೊಂಡೆ. ಮನೆಗೆ ಬಂದರೆ ಹಸಿರು ಸೀರೆ ತಂತಿಯ ಮೇಲೆ ತೊಟ್ಟಿಕ್ಕುತ್ತಿದೆ.

"ಹೊಸದ್ರ ಜೊತೆಗೆ ಅವ್ಳು ಉಟ್ಟಿದ್ದೂ ಎಡೆಗಿಡಾನ ಅಂತ ಕಣೋ. ಮಾಸಿತ್ತು, ಹಂಗೇ ಇಕ್ಕಕ್ಕಾಯ್ತದಾ?" ಅಂದಳು ಅಕ್ಕ.

"ಯಾವಾಗ ನೆನೆಹಾಕ್ದೆ?"

"ನಲ್ಲೀಲಿ ನೀರು ಬಂದಾಗ. ಮೂರೂಕಾಲು ಇರ್ಬೇಕು. ಯಾಕ್ಲಾ, ಹಿಂಗ್ ನೋಡ್ತೀಯಾ?"

ಪ್ರೀತಿಯಿಂದ ಒಗೆದವಳ ಮೇಲೆ ಹೇಗೆ ಸಿಟ್ಟಾಗಲಿ? ಅವಳು ಹಚ್ಚಿದ್ದ ಸಾಂಬ್ರಾಣಿ ಮನೆಯ ತುಂಬ ಹೊಗೆಯಾಡುತ್ತಿತ್ತು. ಅದರ ವಾಸನೆ ನನಗೆ ಬರಲಿಲ್ಲ.

ನೀರಿಗೆ ಬಿದ್ದ ವಾಸನೆ ತುಮಕೂರಿನವರೆಗೆ ಬರುತ್ತದೆಯೇ ಎಂದು ಎಷ್ಟೋ ಸಲ ನನ್ನನ್ನೇ ಗೇಲಿ ಮಾಡಿಕೊಂಡಿದ್ದೇನೆ. ಆ ಹೆಂಗಸು ಯಾಕೆ ಹಾಗೆ ಕೇಳಿದರು ಅನ್ನುವಲ್ಲಿಗೆ ಬಂದಾಗ ಆ ಗೇಲಿ ನಿಂತುಹೋಗುತ್ತದೆ. ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಹಬ್ಬ ಕಳೆದು ಆರು ತಿಂಗಳಿಗೆ ಮೂಗು ತಾನಾಗಿಯೇ ಸರಿಹೋಯಿತು. ಅವತ್ತೇ ಬೀರು ತೆಗೆದು ಆ ಸೀರೆಯಲ್ಲಿ ಮುಖ ಹುದುಗಿಸಿದೆ. ಸೋಪಿನ ವಾಸನೆ ಬಂತು. ಚೆನ್ನಾಗಿಯೇ ಬಂತು.