ಟವೆಲ್ಲಿನಡಿಯ ಕರಾರು

ನನ್ನನ್ನು ಪುರಸಭೆಗೆ ಸೇರಿಸಿದ್ದು ಮಾವ, ಅಂದರೆ ನನ್ನ ಗಂಡನ ಸೋದರಮಾವ. ಅವರೇ ಅಧ್ಯಕ್ಷರು. ಹೆಂಗಸರಿಗೆಂದು ಮೀಸಲಿಟ್ಟ ಕುರ್ಚಿಯೊಂದು ಖಾಲಿ ಇತ್ತು. ತೆಪ್ಪಗೆ ಕೂತು, ಕೈ ಎತ್ತು ಎಂದಾಗ ಎತ್ತುವವಳೊಬ್ಬಳು ಬೇಕಿತ್ತು. ನಾನು ತೆಪ್ಪಗೆ ಕೂರುವವಳಲ್ಲ ಎಂಬುದು ನಮ್ಮ ಅತ್ತೆಗೆ ಚೆನ್ನಾಗಿ ಗೊತ್ತಿತ್ತು, ಪಾಪ, ಮಾವನಿಗೆ ಗೊತ್ತಿರಲಿಲ್ಲ. ಊರಿನ ಹೆಸರು ಹೇಳುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಡುವೆ ಓಡಾಡುವ ಬಸ್ಸುಗಳು ನಿಲ್ಲುವ ಒಂದು ಪೇಟೆ ಎಂದರೆ ಸಾಕು.

ಅರವತ್ತರ ದಶಕದ ಮಾತು. ಶರಾವತಿಯ ನೀರು ನಿಂತು ಹಳ್ಳಿಗಳು ಮುಳುಗಿದ ಮೇಲೆ ನಮ್ಮ ಪೇಟೆಗೂ ಜನ ಬಂದು ಸೇರಿದ್ದರು. ಬಸ್ ನಿಲ್ದಾಣದ ಎದುರು ಪುರಸಭೆಯ ಖಾಲಿ ಜಾಗದಲ್ಲಿ ಏಳೆಂಟು ಹೆಂಗಸರು ಗೋಣಿ ಹಾಸಿ ತರಕಾರಿ ಮಾರುತ್ತಿದ್ದರು. ಅವರಲ್ಲೊಬ್ಬಳು ನಮ್ಮ ಮನೆಗೆ ದಿನಾ ಸೊಪ್ಪು ಕೊಡುವವಳು, ಮುಳುಗಡೆಯಿಂದ ಬಂದವಳು. ಗಂಡ ಇಲ್ಲ, ಎರಡು ಹೆಣ್ಣುಮಕ್ಕಳು. ಗೇಯುತ್ತಿದ್ದ ಗದ್ದೆ ಒಡೆಯರದ್ದಾದ್ದರಿಂದ ಪರಿಹಾರವೂ ಒಡೆಯರಿಗೇ ಹೋಗಿತ್ತು. ಅವಳಿಗೆ ಉಳಿದದ್ದು ಆ ಗೋಣಿ ಹಾಸುವಷ್ಟು ಜಾಗ.

ಅದೇ ಜಾಗದಲ್ಲಿ ಕಟ್ಟಡ ಎಬ್ಬಿಸಲು ಪುರಸಭೆ ಹೊರಟಿತು. ಕೆಳಗೆ ಅಂಗಡಿಗಳು ಮತ್ತು ಹೋಟೆಲು, ಮೇಲೆ ತಂಗುವ ಕೋಣೆಗಳು. ಪುರಸಭೆಯಲ್ಲಿ ದುಡ್ಡಿಲ್ಲ, ಸರ್ಕಾರದ ಸಾಲವೂ ಸಿಗಲಿಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ಸಾಹುಕಾರರೊಬ್ಬರು ಮುಂದೆ ಬಂದರು. ಕಟ್ಟುವ ಖರ್ಚೆಲ್ಲ ಅವರದು. ಅದಕ್ಕೆ ಬದಲಾಗಿ ಇಂತಿಷ್ಟು ವರ್ಷ ಬಾಡಿಗೆಯೆಲ್ಲ ಅವರಿಗೆ, ಆಮೇಲೆ ಕಟ್ಟಡ ಪುರಸಭೆಗೆ. ಅವರು ಇಪ್ಪತ್ತು ವರ್ಷ ಎನ್ನುತ್ತಿದ್ದರು, ನಾವು ಹತ್ತು ಎನ್ನುತ್ತಿದ್ದೆವು. ನಾನು ಇನ್ನೊಂದು ಷರತ್ತು ಹಾಕಿದ್ದೆ. ಕಟ್ಟಡದ ಮುಂದೆ ಮಾಡಿನಡಿ ಒಂದು ಕಲ್ಲುಕಟ್ಟೆ ಕಟ್ಟಿಸಿ ತರಕಾರಿ ಹೆಂಗಸರಿಗೆ ಬಿಡಬೇಕು. ಸಾಹುಕಾರರಿಗೆ ಅದೇ ಜಾಗ ಹೋಟೆಲಿಗೆ ಬೇಕಿತ್ತು. ಮೂರು ಸಭೆ ಕಳೆದರೂ ಯಾರೂ ಜಗ್ಗಲಿಲ್ಲ. ಇನ್ನೂ ಎಳೆದಾಡಿದರೆ ತಾವು ಹಿಂದೆ ಸರಿಯುವುದಾಗಿ ಸಾಹುಕಾರರು ಹೇಳಿಕಳಿಸಿದ್ದರು.

ನಾಲ್ಕನೆಯ ಸಭೆಯಲ್ಲಿ ಕಾಫಿ ಬಂತು. ಲೋಟ ಕೆಳಗಿಟ್ಟ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲೆ ಹರಡಿದರು. ಸಾಹುಕಾರರು ನಗುತ್ತ ಅದರಡಿ ಕೈ ತೂರಿಸಿ ಮಾವನ ಕೈ ಹಿಡಿದರು. ಇದು ಅಡಿಕೆ ವ್ಯಾಪಾರದ ಪದ್ಧತಿ. ಅಡಿಕೆ ತೋಟಗಳ ಊರಾದ ಮೇಳಿಗೆಯ ನನ್ನ ತವರಿನ ಜಗಲಿಯಲ್ಲಿ ಎಷ್ಟೋ ಸಲ ನೋಡಿದ್ದೆ. ದರವನ್ನು ಬಾಯಲ್ಲಿ ಹೇಳದೆ ಬಟ್ಟೆಯಡಿ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳೆಂದರೆ ಒಂದು, ಇಡೀ ಕೈ ಎಂದರೆ ಐದು. ಪಕ್ಕದಲ್ಲಿ ಕೂತವನಿಗೂ ತಿಳಿಯುವುದಿಲ್ಲ. ನಾವು ಹೆಂಗಸರು ಕಿಟಕಿಯಿಂದ ನೋಡಬೇಕು, ಅಷ್ಟೇ. ಪರಗಂಡಸಿನ ಕೈ ಹಿಡಿಯುವುದುಂಟೆ? ಹುಟ್ಟಿದಾಗಿನಿಂದ ಅಡಿಕೆಯನ್ನೇ ಮಾರಿದ ಈ ಇಬ್ಬರು ಊರಿನ ಜಾಗವನ್ನೂ ಅಡಿಕೆ ಮೂಟೆಯ ಹಾಗೆ ಮಾರಲು ಕೂತಿದ್ದರು.

"ಮುಗೀತು. ಹದಿನೈದು ವರ್ಷ," ಎಂದು ಮಾವ ಟವೆಲ್ ತೆಗೆದು ಪಕ್ಕಕ್ಕಿಟ್ಟರು.

ಉಳಿದ ಮೆಂಬರುಗಳು ಸಮಾಧಾನದ ಉಸಿರು ಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತರಿಂದ ಕೆಳಗಿಳಿಯದ ಮನುಷ್ಯ ಒಂದು ಲೋಟ ಕಾಫಿಗೆ ಐದು ವರ್ಷ ಬಿಟ್ಟುಕೊಡುತ್ತಾರೆಯೇ?

"ಕಟ್ಟೆ ವಿಷ್ಯ ಎಂತಾಯ್ತು ಮಾವ?"

"ಅದನ್ನ ಆಮೇಲೆ ನೋಡುವ."

"ಈಗ್ಲೇ ಹೇಳಿ."

"ಟವೆಲ್ ತೆಗೆದ ಮೇಲೆ ಮಾತಿಲ್ಲ. ಮೇಳಿಗೆಯೋಳು ನೀನು, ನಿಂಗೆ ಗೊತ್ತಿಲ್ವಾ?"

ಎದ್ದು ಅವರ ಬಳಿ ಹೋದೆ. ಮಾವನ ಟವೆಲನ್ನು ಮತ್ತೆ ಮೇಜಿನ ಮೇಲೆ ಹರಡಿ ಅದರಡಿ ಕೈ ಇಟ್ಟೆ.

"ಹಂಗಾರೆ ನನ್ನ ಹತ್ರಾನೂ ಒಂದ್ಸಲ ವ್ಯಾಪಾರ ಮಾಡಿ ಸಾಹುಕಾರ್ರೇ. ನಾನೂ ಇಲ್ಲಿ ಮೆಂಬರ್ರೇ."

ಸಂಜೆಯೊಳಗೆ ಈ ಸುದ್ದಿ ಗಂಡನ ಕಿವಿಗೆ ಬೀಳುತ್ತದೆ ಎಂದು ಹೆದರಿಕೆಯಾಯಿತು. ಆದರೂ ಕೈ ತೆಗೆಯಲಿಲ್ಲ. ಸಾಹುಕಾರರು ತಮ್ಮ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಮಾವನನ್ನು ನೋಡಿದರು, ಗೋಡೆ ನೋಡಿದರು.

"ಬ್ಯಾಡ ತಾಯಿ, ಕೈ ತೆಗೀರಿ. ಬಾಯಲ್ಲೇ ಹೇಳ್ತೀನಿ," ಎಂದರು ಕೊನೆಗೆ. "ಮುಂದಿನ ಜಾಗ ಹೋಟ್ಲಿಗೆ ಬಿಟ್ರೆ ಹದಿನೈದು ಅಂತ ನಿನ್ನೆ ಇವ್ರ ಮನೇಲಿ ಮಾತಾಗಿತ್ತು."

"ಕಟ್ಟೆ ಕಟ್ಟಿಸಿದ್ರೆ?"

"ಇಪ್ಪತ್ತು."

ಐದು ವರ್ಷದ ಬಾಡಿಗೆ ಎಂದರೆ ಊರಿನ ಚರಂಡಿ, ನಲ್ಲಿ, ದೀಪ. ಸಲೀಸಾಗಿ ಕೊಡುವಂಥದ್ದಲ್ಲ. ನಾನು ಮಾಡಿದ್ದು ಸರಿಯೇ ಎಂದು ಇಂದಿಗೂ ಒಮ್ಮೊಮ್ಮೆ ಯೋಚಿಸುತ್ತೇನೆ. ಆದರೆ ಮಾತು ಬಯಲಾದ ಮೇಲೆ ಹೆಂಗಸರ ಹೊಟ್ಟೆಯ ಮೇಲೆ ಹೊಡೆಯಲು ಕೈ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ವಯಸ್ಸಾದ ಮೆಂಬರೊಬ್ಬರು "ಇಪ್ಪತ್ತೇ ಇರ್ಲಿ, ಕಟ್ಟೆ ಕಟ್ಟಿಸಿ" ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಹೂಂಗುಟ್ಟಿದರು.

ಗೆದ್ದ ಖುಷಿಯಲ್ಲಿ ನೆಟ್ಟಗೆ ಬಸ್ ನಿಲ್ದಾಣಕ್ಕೆ ಹೋದೆ. ಸೊಪ್ಪಿನವಳು ಹರಿವೆ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

"ಬರ್ದಿದಾರಾ ಅಮ್ಮ?"

"ಎಲ್ಲರೆದ್ರೂ ಹೇಳಿದಾರೆ ಮಾರಾಯ್ತಿ."

"ನಮ್ಗೂ ಎಲ್ಲರೆದ್ರೇ ಹೇಳಿದ್ರು, ಬೇರೆ ಜಾಗ ಕೊಡ್ತೀವಿ ಅಂತ," ಎಂದು ಅವಳು ಮತ್ತೆ ನೀರು ಚಿಮುಕಿಸಿದಳು. ಸಿಟ್ಟಿನಿಂದೇನೂ ಹೇಳಲಿಲ್ಲ.

ನನಗೆ ನಾಚಿಕೆಯಾಯಿತು. ಓಡುವ ನಡಿಗೆಯಲ್ಲಿ ಆಫೀಸಿಗೆ ವಾಪಸು ಬಂದು ಗುಮಾಸ್ತರ ಎದುರಿನ ನಡಾವಳಿ ಪುಸ್ತಕ ತೆಗೆದು ನೋಡಿದೆ. ಇಪ್ಪತ್ತು ವರ್ಷ ಎಂದಿತ್ತು, ಕೆಳಗೆ ಅಧ್ಯಕ್ಷರ ಸಹಿಯೂ ಇತ್ತು. ಕಟ್ಟೆಯ ಸುದ್ದಿಯೇ ಇರಲಿಲ್ಲ. ಗುಮಾಸ್ತರು ತಲೆ ಎತ್ತಲಿಲ್ಲ. ಅವರಿಂದಲೇ ಸಹಿಯ ಕೆಳಗೆ ಕಟ್ಟೆಯ ಷರತ್ತು ಬರೆಯಿಸಿ, ಹೊರಡಲೆಂದು ಚಪ್ಪಲಿ ಮೆಟ್ಟುತ್ತಿದ್ದ ಮಾವನ ಮುಂದೆ ಪುಸ್ತಕ ಹಿಡಿದೆ.

ಅವರು ಓದಿದರು. ಪೆನ್ನು ಮುಟ್ಟಲಿಲ್ಲ.

"ನನ್ನ ಮೇಲೆ ನಂಬಿಕೆ ಇಲ್ವಾ ನಿಂಗೆ?"

ನನ್ನ ಮದುವೆಯನ್ನು ಮುಂದೆ ನಿಂತು ನಡೆಸಿದ್ದವರು ಅವರು.

"ಇಲ್ಲ ಮಾವ," ಎಂದೆ.

ಅವರು ಸಹಿ ಹಾಕಿದರು. ಆಮೇಲೆ ಅವರು ಬದುಕಿದ್ದಷ್ಟು ದಿನವೂ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ.